ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ಕಾರ್ಡ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಸಿಮ್ ಹಾಕಿದರೂ ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ಬರದಿದ್ದರೆ ಬಹುತೇಕರು ಮೊದಲು ಕೈಹಾಕುವುದು ಎಪಿಎನ್‌ಗೆ, ಅಂದರೆ ಮೊಬೈಲ್ ಕಂಪನಿಯ ಡೇಟಾ ಜಾಲಕ್ಕೆ ಹೋಗುವ ದ್ವಾರದ ಹೆಸರಿಗೆ. ಎಪಿಎನ್ ಕೆಲಸಕ್ಕೆ ಬರುವುದು ಕಟ್ಟಕಡೆಗೆ. ಅದಕ್ಕೂ ಮುಂಚೆ ಕಾರ್ಡ್ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಕಣ್ಣಿಗೆ ಬೀಳಬೇಕು, ಅದಕ್ಕೆ ಡ್ರೈವರ್ ಸಿಗಬೇಕು, ಮೋಡೆಮ್‌ಗಳನ್ನು ನಡೆಸುವ ಮೋಡೆಮ್‌ಮ್ಯಾನೇಜರ್ ಎಂಬ ಸೇವೆ ಅದನ್ನು ಗುರುತಿಸಬೇಕು, ಸಿಮ್ ಓದಬೇಕು, ರೇಡಿಯೋ ಆನ್ ಆಗಬೇಕು, ಟವರ್‌ನಲ್ಲಿ ನೋಂದಣಿ ಆಗಬೇಕು. ಈ ಸರಪಳಿ ಮೊದಲು ಕಡಿದಿರುವುದು ಎಲ್ಲಿ ಎಂದು ಪತ್ತೆಯಾದರೆ ಅರ್ಧ ಕೆಲಸ ಮುಗಿದಂತೆ. ಅಲ್ಲಿಂದ ಮುಂದಿನದನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಕೆಳಗಿನ ಕಮಾಂಡ್‌ಗಳನ್ನೆಲ್ಲ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ. ಬದಲಾವಣೆ ಮಾಡುವ ಕಮಾಂಡ್‌ಗಳ ಮುಂದೆ ಸುಡೊ (ನಿರ್ವಾಹಕ ಅಧಿಕಾರ ಕೊಡುವ ಪದ) ಬೇಕಾಗುತ್ತದೆ.

ಶುರು ಮಾಡುವ ಮೊದಲು ಎರಡು ಕೆಲಸ ಮಾಡಿಬಿಡಿ. ಸಿಮ್ ತೆಗೆದು ಫೋನಿಗೆ ಹಾಕಿ, ವೈಫೈ ಆಫ್ ಮಾಡಿ, ಡೇಟಾ ಬರುತ್ತದೆಯೇ ನೋಡಿ. ಬಾರದಿದ್ದರೆ ತೊಂದರೆ ಲ್ಯಾಪ್‌ಟಾಪ್‌ನದಲ್ಲ. ಬಂದರೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್‌ಗೆ ಇರುವ ಎಪಿಎನ್ ಹೆಸರು ಬರೆದಿಟ್ಟುಕೊಳ್ಳಿ, ಸಿಮ್ ಪಿನ್ ಇದ್ದರೆ ಫೋನಿನಲ್ಲೇ ತೆಗೆದುಬಿಡಿ. ಪಿನ್ ಒಂದು ಹೋದರೂ ಮುಂದಿನ ಹುಡುಕಾಟ ಸಾಕಷ್ಟು ಹಗುರಾಗುತ್ತದೆ.

## ಮೊಬೈಲ್ ಬ್ರಾಡ್‌ಬ್ಯಾಂಡ್ ಎಂಬ ಆಯ್ಕೆಯೇ ಸೆಟ್ಟಿಂಗ್ಸ್‌ನಲ್ಲಿ ಇಲ್ಲ

ಮೊದಲು ಈ ಮೂರನ್ನು ಓಡಿಸಿ:

ಎಲ್‌ಎಸ್‌ಯುಎಸ್‌ಬಿ
ಎಲ್‌ಎಸ್‌ಪಿಸಿಐ -ಎನ್‌ಎನ್
ಆರ್‌ಎಫ್‌ಕಿಲ್ ಲಿಸ್ಟ್

ಹಳೆಯ ಮಿನಿ ಪಿಸಿಐಇ ಕಾರ್ಡ್‌ಗಳೂ 4ಜಿ ಕಾಲದ ಬಹುಪಾಲು ಎಂ.2 ಕಾರ್ಡ್‌ಗಳೂ ಒಳಗಿನಿಂದ ಯುಎಸ್‌ಬಿ ಸಾಧನಗಳೇ. ಹಾಗಾಗಿ ಅವು ಮೊದಲ ಪಟ್ಟಿಯಲ್ಲಿ ಕಾಣಬೇಕು. ಬಹಳಷ್ಟು 5ಜಿ ಕಾರ್ಡ್‌ಗಳು ಮತ್ತು ಇತ್ತೀಚಿನ ಕೆಲವು 4ಜಿ ಕಾರ್ಡ್‌ಗಳು ಪಿಸಿಐಇ ಮೂಲಕ ಕೂರುತ್ತವೆ, ಅವು ಎರಡನೆಯ ಪಟ್ಟಿಯಲ್ಲಿ. ಸಾಧನದ ಐಡಿಯ ಮೊದಲ ಭಾಗ 1199 ಆಗಿದ್ದರೆ ಸಿಯೆರಾ ವೈರ್‌ಲೆಸ್, 12ಡಿ1 ಹುವಾವೇ, 2ಸಿ7ಸಿ ಕ್ವೆಕ್ಟೆಲ್, 2ಸಿಬಿ7 ಫೈಬೊಕಾಮ್. ಈ ಐಡಿಯನ್ನು ಪೂರ್ತಿ ಬರೆದಿಟ್ಟುಕೊಳ್ಳಿ. ಮುಂದೆ ಏನೇ ಹುಡುಕುವುದಿದ್ದರೂ ಇದೇ ಬೇಕು.

ಎರಡು ಪಟ್ಟಿಯಲ್ಲೂ ಕಾರ್ಡ್ ಇಲ್ಲವೆಂದರೆ ಲಿನಕ್ಸ್‌ನಲ್ಲಿ ತಿದ್ದುವಂಥದ್ದು ಸದ್ಯಕ್ಕೆ ಏನೂ ಇಲ್ಲ. ಬಯಾಸ್‌ಗೆ ಹೋಗಿ ವೈರ್‌ಲೆಸ್ ವ್ಯಾನ್ ಎಂಬ ಸಾಲು ಎನೇಬಲ್ ಆಗಿದೆಯೇ ನೋಡಿ. ಏರೋಪ್ಲೇನ್ ಕೀ ಒಮ್ಮೆ ಒತ್ತಿ, ಮತ್ತೆ ಪಟ್ಟಿ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳು ಆ ಕೀ ಒತ್ತಿದಾಗ ಕಾರ್ಡ್‌ನ ವಿದ್ಯುತ್ತನ್ನೇ ಕತ್ತರಿಸುತ್ತವೆ.

ಆರ್‌ಎಫ್‌ಕಿಲ್ ಪಟ್ಟಿಯಲ್ಲಿ ಸಾಫ್ಟ್ ಬ್ಲಾಕ್ಡ್ ಮುಂದೆ ಯೆಸ್ ಎಂದಿದ್ದರೆ ತಂತ್ರಾಂಶದ ತಡೆ. "ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವ್ಯಾನ್" (ವ್ಯಾನ್ ಬರೆಯುವಾಗ ಡಬ್ಲ್ಯು ಎರಡು ಸಲ) ಎಂದರೆ ತೆರೆದುಕೊಳ್ಳುತ್ತದೆ. ಹಾರ್ಡ್ ಬ್ಲಾಕ್ಡ್ ಯೆಸ್ ಎಂದಿದ್ದರೆ ತಡೆ ಇರುವುದು ಸ್ವಿಚ್‌ನಲ್ಲೋ ಬಯಾಸ್‌ನಲ್ಲೋ, ಯಾವ ಕಮಾಂಡ್‌ಗೂ ಅದು ಜಗ್ಗುವುದಿಲ್ಲ.

ಕಾರ್ಡ್ ಅನ್ನು ನೀವೇ ಕೊಂಡು ಹಾಕಿದ್ದರೆ ಇನ್ನೆರಡು ಸಾಧ್ಯತೆಗಳಿವೆ. ಎಂ.2 ಸ್ಲಾಟ್‌ಗೆ ಕಾರ್ಡ್ ಸರಿಯಾಗಿ ಕೂತ ಮಾತ್ರಕ್ಕೆ ಅಲ್ಲಿ ಯುಎಸ್‌ಬಿ ತಂತಿಗಳು ಇವೆ ಎಂದಲ್ಲ. ಬಿ ಕೀ ಎಂಬ ಬಗೆಯ ಸ್ಲಾಟ್ ಅನ್ನು ಬರೀ ಎಸ್‌ಎಸ್‌ಡಿಗೆಂದು ಜೋಡಿಸಿರುವ ಬೋರ್ಡ್‌ಗಳಿವೆ. ಅಲ್ಲಿ ಕಾರ್ಡ್ ಎಂದಿಗೂ ಕಾಣದು. ಇನ್ನೊಂದು, ಲೆನೊವೊ ಮತ್ತು ಎಚ್‌ಪಿಯ ಹಲವು ಮಾದರಿಗಳಲ್ಲಿ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲು ಬಿಡುವುದಿಲ್ಲ. ಥಿಂಕ್‌ಪ್ಯಾಡ್‌ನಲ್ಲಿ 1802 ಎಂಬ ಸಂಖ್ಯೆಯೊಂದಿಗೆ ಅನಧಿಕೃತ ನೆಟ್‌ವರ್ಕ್ ಕಾರ್ಡ್ ಎಂಬ ಸಂದೇಶ ಬಂದು ನಿಂತರೆ ಕಾರಣ ಅದೇ. ಅಲ್ಲಿಗೆ ನಿಲ್ಲಿಸಿ, ಆ ಮಾದರಿಗೆ ತಯಾರಕರೇ ಕೊಡುವ ಭಾಗಸಂಖ್ಯೆಯ ಕಾರ್ಡ್ ತೆಗೆದುಕೊಳ್ಳಿ. ತಿದ್ದಿದ ಬಯಾಸ್ ಹಾಕಲು ಹೋಗಿ ಮದರ್‌ಬೋರ್ಡ್ ಕಳೆದುಕೊಳ್ಳುವುದು ಕಾರ್ಡ್‌ನ ಬೆಲೆಗಿಂತ ಎಷ್ಟೋ ದುಬಾರಿ.

## ಡಾಂಗಲ್ ಚುಚ್ಚಿದರೆ ಸಿಡಿ ಡ್ರೈವ್ ಕಾಣುತ್ತದೆ

ಇದು ದೋಷವಲ್ಲ. ಹಲವು ಯುಎಸ್‌ಬಿ ಡಾಂಗಲ್‌ಗಳು ಮೊದಲು ವಿಂಡೋಸ್ ಡ್ರೈವರ್ ಇರುವ ಸಿಡಿಯ ವೇಷದಲ್ಲಿ ಬರುತ್ತವೆ. ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ, ಡಾಂಗಲ್ ತೆಗೆದು ಮತ್ತೆ ಚುಚ್ಚಿ, ಅರ್ಧ ನಿಮಿಷ ಬಿಡಿ. ಎಲ್‌ಎಸ್‌ಯುಎಸ್‌ಬಿಯಲ್ಲಿ ಐಡಿಯ ಎರಡನೆಯ ಭಾಗ ಬದಲಾಗಿದ್ದರೆ ವೇಷ ಕಳಚಿದೆ ಎಂದರ್ಥ.

ಬದಲಾದ ಮೇಲೆ ಹುವಾವೇ ಡಾಂಗಲ್‌ನ ಐಡಿ 12ಡಿ1:14ಡಿಸಿ ಆಯಿತೆಂದರೆ ಅದು ಹೈಲಿಂಕ್ ಬಗೆಯದು. ಒಳಗೇ ಪುಟ್ಟ ರೂಟರ್ ಇರುತ್ತದೆ. ಲಿನಕ್ಸ್‌ಗೆ ಅದು ಬರಿಯ ಈಥರ್ನೆಟ್ ಕಾರ್ಡ್. ಮೋಡೆಮ್‌ಮ್ಯಾನೇಜರ್ ಅದನ್ನು ತೋರಿಸದಿದ್ದರೆ ಗಾಬರಿ ಬೇಡ. ಬ್ರೌಸರ್‌ನಲ್ಲಿ 192.168.8.1 ತೆರೆದು ಪಿನ್, ಎಪಿಎನ್ ಎಲ್ಲವನ್ನೂ ಅಲ್ಲೇ ಹೊಂದಿಸಿ. ಈ ಬಗೆಯ ಡಾಂಗಲ್‌ಗೆ ಈ ಕೈಪಿಡಿಯ ಉಳಿದ ಭಾಗ ಹೆಚ್ಚು ಅನ್ವಯಿಸುವುದಿಲ್ಲ.

## ಪಟ್ಟಿಯಲ್ಲಿ ಕಾರ್ಡ್ ಇದೆ, ಆದರೆ ಮೋಡೆಮ್ ಸಿಗಲಿಲ್ಲ ಎನ್ನುತ್ತದೆ

ಎಂಎಂಸಿಎಲ್‌ಐ -ಎಲ್

ಇಲ್ಲಿ ಎಲ್ ದೊಡ್ಡಕ್ಷರ. ಉತ್ತರದಲ್ಲಿ ಕಾರ್ಡ್‌ನ ಹೆಸರು ಮತ್ತು ಕೊನೆಯಲ್ಲೊಂದು ಸಂಖ್ಯೆ ಬರಬೇಕು. ಮೊದಲ ಸಲ ಅದು 0 ಆಗಿರುತ್ತದೆ. ಮೋಡೆಮ್ ಬಿದ್ದು ಎದ್ದಾಗಲೆಲ್ಲ 1, 2 ಎಂದು ಏರುತ್ತದೆ. ಮುಂದಿನ ಕಮಾಂಡ್‌ಗಳಲ್ಲಿ 0 ಇರುವಲ್ಲಿ ನಿಮಗೆ ಬಂದ ಸಂಖ್ಯೆ ಹಾಕಿ. "ಇಲ್ಲದ ಮೋಡೆಮ್" ಎಂಬ ತಪ್ಪಿಗೆ ಬಹಳ ಸಲ ಇಷ್ಟೇ ಕಾರಣ.

ಏನೂ ಬಾರದಿದ್ದರೆ "ಸಿಸ್ಟಂಸಿಟಿಎಲ್ ಸ್ಟೇಟಸ್ ಮೋಡೆಮ್‌ಮ್ಯಾನೇಜರ್" ಎಂದು ಕೇಳಿ (ಎರಡೂ ಎಂ ದೊಡ್ಡಕ್ಷರ). ಸೇವೆ ನಿಂತಿದ್ದರೆ ಅದೇ ಕಮಾಂಡ್‌ನಲ್ಲಿ ಸ್ಟೇಟಸ್ ಬದಲು ಸ್ಟಾರ್ಟ್ ಎನ್ನಿ. ಕನಿಷ್ಠ ಸಾಮಗ್ರಿಯೊಂದಿಗೆ ಇನ್‌ಸ್ಟಾಲ್ ಆಗುವ ಡಿಸ್ಟ್ರೋಗಳಲ್ಲಿ ಪ್ಯಾಕೇಜೇ ಇಲ್ಲದಿರಬಹುದು. ಸೇವೆ ಆಗಷ್ಟೇ ಶುರುವಾಗಿದ್ದರೆ ಒಂದು ನಿಮಿಷ ಕಾಯಿರಿ: ಅದು ಕಾರ್ಡ್‌ನ ಒಂದೊಂದು ಪೋರ್ಟ್ ತಟ್ಟಿ ನೋಡಲು ಹೊತ್ತು ಬೇಕು.

ಸೇವೆ ಓಡುತ್ತಿದ್ದೂ ಪಟ್ಟಿ ಖಾಲಿಯಾದರೆ ಡ್ರೈವರ್ ಕಡೆ ತಿರುಗಿ. "ಎಲ್‌ಎಸ್‌ಯುಎಸ್‌ಬಿ -ಟಿ" ಎಂದರೆ ಪ್ರತಿ ಸಾಧನದ ಮುಂದೆ ಡ್ರೈವರ್ ಹೆಸರು ಬರುತ್ತದೆ. ಯುಎಸ್‌ಬಿ ಕಾರ್ಡ್‌ಗೆ ಸಿಡಿಸಿ_ಎಂಬಿಐಎಂ ಅಥವಾ ಕ್ಯೂಎಂಐ_ವ್ಯಾನ್ ಇರಬೇಕು, ಜೊತೆಗೆ ಸೀರಿಯಲ್ ಪೋರ್ಟ್‌ಗಳಿಗೆ ಆಪ್ಷನ್ ಎಂಬ ಡ್ರೈವರ್ ಇರಬಹುದು. ಡ್ರೈವರ್ ಜಾಗ ಖಾಲಿ ಇದ್ದರೆ ಕರ್ನಲ್ ಹಳೆಯದು.

ಪಿಸಿಐಇ ಕಾರ್ಡ್‌ಗಳಲ್ಲಿ ಕರ್ನಲ್ ಆವೃತ್ತಿಯೇ ನಿರ್ಣಾಯಕ. ಇಂಟೆಲ್‌ನ 7560 ಚಿಪ್‌ಗೆ ಡ್ರೈವರ್ ಬಂದದ್ದು 5.14ರಲ್ಲಿ, ಮೀಡಿಯಾಟೆಕ್ ಟಿ700ಕ್ಕೆ 5.19ರಲ್ಲಿ. ಜೊತೆಗೆ ಮೋಡೆಮ್‌ಮ್ಯಾನೇಜರ್ 1.18 ಅಥವಾ ಮುಂದಿನದು ಬೇಕು. ಐಡಿ 8086:7360 ಕಂಡರೆ ಅದು ಇಂಟೆಲ್‌ನ ಹಳೆಯ ಚಿಪ್, ಲಿನಕ್ಸ್‌ನಲ್ಲಿ ಬಹಳ ಕಾಲ ಕಾಡಿದ್ದು. ಅದಕ್ಕೆ ನಿಮಗೆ ಸಿಗುವ ಅತಿ ಹೊಸ ಡಿಸ್ಟ್ರೋವನ್ನು ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡುವುದೇ ಸುಲಭದ ಪರೀಕ್ಷೆ. ಯಾವ ಕಾರ್ಡ್‌ಗೂ ಈ ಪರೀಕ್ಷೆ ಒಳ್ಳೆಯದು: ಲೈವ್‌ನಲ್ಲಿ ಮೋಡೆಮ್ ಕಂಡರೆ ಕಾರ್ಡ್ ಚೆನ್ನಾಗಿದೆ, ನಿಮ್ಮ ಸಿಸ್ಟಂ ಹಳತಾಗಿದೆ.

## ಸ್ಥಿತಿ ಫೇಲ್ಡ್ ಅಥವಾ ಲಾಕ್ಡ್

ಎಂಎಂಸಿಎಲ್‌ಐ -ಎಂ 0

ಇದು ಈ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಕಮಾಂಡ್. ಸ್ಟೇಟಸ್ ಭಾಗದ ಸ್ಟೇಟ್ ಸಾಲು, ಪವರ್ ಸ್ಟೇಟ್ ಸಾಲು, 3ಜಿಪಿಪಿ ಭಾಗದ ರಿಜಿಸ್ಟ್ರೇಷನ್ ಸಾಲು, ಈ ಮೂರರಲ್ಲೇ ದೋಷದ ಜಾಗ ಹೊರಬೀಳುತ್ತದೆ.

ಫೇಲ್ಡ್ ಜೊತೆ ಸಿಮ್-ಮಿಸ್ಸಿಂಗ್ ಎಂದಿದ್ದರೆ ಕಾರ್ಡ್‌ಗೆ ಸಿಮ್ ಸಿಕ್ಕಿಲ್ಲ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಸಿಮ್‌ನ ಕತ್ತರಿಸಿದ ಮೂಲೆ ಸರಿಯಾದ ಕಡೆ ಇದೆಯೇ ನೋಡಿ, ಬಂಗಾರದ ಬಣ್ಣದ ಭಾಗವನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿ. ಅಡಾಪ್ಟರ್‌ನಲ್ಲಿ ಕೂರಿಸಿದ ಸಿಮ್ ಒಂದಿಷ್ಟು ಸರಿದರೂ ಓದಲಾಗದು, ಸ್ಲಾಟ್‌ನ ಕಡ್ಡಿಗಳನ್ನೂ ಬಗ್ಗಿಸಬಹುದು. ಆದಷ್ಟು ಸರಿಯಾದ ಅಳತೆಯ ಸಿಮ್ ಅನ್ನೇ ಬಳಸಿ.

ಇ-ಸಿಮ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಕಾರಣ: ಕಾರ್ಡ್ ಎರಡನೆಯ ಸ್ಲಾಟ್‌ನಲ್ಲಿರುವ ಖಾಲಿ ಇ-ಸಿಮ್ ಅನ್ನು ನೋಡುತ್ತಾ ಕೂತಿರುತ್ತದೆ. "ಎಂಎಂಸಿಎಲ್‌ಐ -ಎಂ 0 --ಸೆಟ್-ಪ್ರೈಮರಿ-ಸಿಮ್-ಸ್ಲಾಟ್=1" ಎಂದರೆ ಟ್ರೇಯಲ್ಲಿರುವ ಸಿಮ್ ಕಡೆ ತಿರುಗುತ್ತದೆ; ಮೋಡೆಮ್ ಒಮ್ಮೆ ಮಾಯವಾಗಿ ಹೊಸ ಸಂಖ್ಯೆಯೊಂದಿಗೆ ಬರುವುದು ಸಹಜ. ಸಿಮ್ ಟ್ರೇ ಇದ್ದರೂ ಒಳಗೆ ಅದರ ತಂತಿ ಇಲ್ಲದ ಅಗ್ಗದ ಆವೃತ್ತಿಗಳೂ ಉಂಟು, ಇದನ್ನು ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿ ಖಚಿತಪಡಿಸಿಕೊಳ್ಳಬೇಕು.

ಲಾಕ್ಡ್ ಎಂದಿದ್ದರೆ ಪಿನ್ ಬೇಕು. ಕೊಡುವ ಮೊದಲು ಅನ್‌ಲಾಕ್ ರಿಟ್ರೈಸ್ ಸಾಲು ಓದಿ. ಎಷ್ಟು ಅವಕಾಶ ಉಳಿದಿದೆ ಎಂದು ಅಲ್ಲಿರುತ್ತದೆ.

ಎಂಎಂಸಿಎಲ್‌ಐ -ಐ 0 --ಪಿನ್=1234

ಇಲ್ಲಿನ 0 ಮೋಡೆಮ್‌ನದಲ್ಲ, ಸಿಮ್‌ನ ಸಂಖ್ಯೆ. ಹಿಂದಿನ ಕಮಾಂಡ್‌ನ ಉತ್ತರದ ಸಿಮ್ ಭಾಗದಲ್ಲಿ ಅದು ಕೊನೆಗೆ ಬರುತ್ತದೆ.

ನಿಲ್ಲಿ: ಮೂರು ಸಲ ತಪ್ಪಾದರೆ ಸಿಮ್ ಪಿಯುಕೆ (ಪಿನ್‌ನ ಬೀಗ ತೆರೆಯುವ ಸಂಖ್ಯೆ) ಕೇಳುತ್ತದೆ. ಪಿಯುಕೆ ಹತ್ತು ಸಲ ತಪ್ಪಾದರೆ ಆ ಸಿಮ್ ಶಾಶ್ವತವಾಗಿ ಸತ್ತಂತೆ. ಒಂದೇ ಅವಕಾಶ ಉಳಿದಿದ್ದರೆ ಊಹಿಸಬೇಡಿ, ಪಿಯುಕೆಯನ್ನು ಸಿಮ್ ಕೊಟ್ಟ ಕಂಪನಿಯಿಂದ ಪಡೆಯಿರಿ. ಸಂಪರ್ಕಗಳನ್ನು ನಡೆಸುವ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಹಳೆಯ ಪಿನ್ ಉಳಿಸಿಟ್ಟಿದ್ದರೆ ಅದನ್ನು ಮೊದಲು ಅಳಿಸಿ, ಇಲ್ಲವಾದರೆ ಅದು ತಾನಾಗಿಯೇ ಪ್ರಯತ್ನಿಸಿ ಅವಕಾಶ ಕಳೆಯುತ್ತದೆ.

## ಎನೇಬಲ್ ಮಾಡಿದರೂ ರೇಡಿಯೋ ಏಳುವುದಿಲ್ಲ

ಸಿಮ್ ಓದಿದೆ, ಪಿನ್ ತೊಂದರೆಯಿಲ್ಲ, ಆದರೆ ಸ್ಟೇಟ್ ಡಿಸೇಬಲ್ಡ್‌ನಲ್ಲೇ ನಿಂತಿದೆ, ಪವರ್ ಸ್ಟೇಟ್ ಮುಂದೆ ಲೋ ಎಂದಿದೆ. "ಎಂಎಂಸಿಎಲ್‌ಐ -ಎಂ 0 --ಎನೇಬಲ್" ಎಂದರೆ ಇನ್‌ವ್ಯಾಲಿಡ್ ಟ್ರಾನ್ಸಿಷನ್ ಎಂಬಂಥ ಉತ್ತರ ಬರುತ್ತದೆ. ಅದೇ ಕಾರ್ಡ್ ವಿಂಡೋಸ್‌ನಲ್ಲಿ ಚೆನ್ನಾಗಿ ಓಡುತ್ತದೆ. ಜನ ಕಾರ್ಡ್ ಕೆಟ್ಟಿದೆ ಎಂದು ಬಿಸಾಡುವುದು ಹೆಚ್ಚಾಗಿ ಈ ಘಟ್ಟದಲ್ಲೇ, ಕಾರ್ಡ್ ಮಾತ್ರ ಸರಿಯಾಗಿಯೇ ಇರುತ್ತದೆ.

ಇದು ಎಫ್‌ಸಿಸಿ ಲಾಕ್. ಎಫ್‌ಸಿಸಿ ಎಂದರೆ ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ. ಕಾರ್ಡ್ ಮತ್ತು ಲ್ಯಾಪ್‌ಟಾಪ್‌ನ ಆಂಟೆನಾ ಎರಡೂ ಸೇರಿ ವಿಕಿರಣದ ಮಿತಿಯೊಳಗಿವೆ ಎಂದು ಪ್ರಮಾಣೀಕರಣ ಆಗಿರುತ್ತದೆ. ಕಾರ್ಡ್ ಬೇರೆ ಯಂತ್ರದಲ್ಲಿ ಓಡಬಾರದು ಎಂದು ತಯಾರಕರು ರೇಡಿಯೋಗೆ ಬೀಗ ಹಾಕಿ, ಪ್ರತಿ ಸಲ ಆನ್ ಆದಾಗ ತಂತ್ರಾಂಶವೇ ತೆರೆಯುವಂತೆ ಮಾಡಿರುತ್ತಾರೆ. ನಿಯಮ ಅಮೆರಿಕದ್ದಾದರೂ ಬೀಗ ಎಲ್ಲೆಡೆ ಮಾರುವ ಕಾರ್ಡ್‌ಗಳಲ್ಲೂ ಇರುತ್ತದೆ. ಮೋಡೆಮ್‌ಮ್ಯಾನೇಜರ್ ಹಿಂದೆ ಕೆಲವು ಕಾರ್ಡ್‌ಗಳ ಬೀಗವನ್ನು ತಾನೇ ತೆರೆಯುತ್ತಿತ್ತು. 1.18.4ರಿಂದ ಅದನ್ನು ಬಳಕೆದಾರರ ನಿರ್ಧಾರಕ್ಕೆ ಬಿಟ್ಟಿದೆ. ಸಿಸ್ಟಂ ಅಪ್‌ಡೇಟ್ ಆದ ಮೇಲೆ ಕಾರ್ಡ್ ಏಕಾಏಕಿ ನಿಂತುಹೋದ ಹಲವು ಪ್ರಕರಣಗಳ ಹಿಂದಿರುವುದು ಈ ಬದಲಾವಣೆಯೇ.

ಬೀಗ ತೆರೆಯುವ ಸ್ಕ್ರಿಪ್ಟ್‌ಗಳು ಯುಎಸ್‌ಆರ್, ಶೇರ್, ಮೋಡೆಮ್‌ಮ್ಯಾನೇಜರ್ ಫೋಲ್ಡರ್‌ಗಳ ಒಳಗೆ ಎಫ್‌ಸಿಸಿ-ಅನ್‌ಲಾಕ್.ಅವೈಲೆಬಲ್.ಡಿ ಎಂಬಲ್ಲಿ ಕೂತಿರುತ್ತವೆ. ಕಡತದ ಹೆಸರೇ ಸಾಧನದ ಐಡಿ, ಉದಾಹರಣೆಗೆ 1199:9079. ನಿಮ್ಮ ಐಡಿಗೆ ಹೊಂದುವ ಕಡತ ಇದೆಯೇ ನೋಡಿ. ಇದ್ದರೆ ಅದಕ್ಕೆ ಇಟಿಸಿ, ಮೋಡೆಮ್‌ಮ್ಯಾನೇಜರ್ ಒಳಗಿನ ಎಫ್‌ಸಿಸಿ-ಅನ್‌ಲಾಕ್.ಡಿ ಫೋಲ್ಡರ್‌ನಲ್ಲಿ ಅದೇ ಹೆಸರಿನ ಸಿಂಬಾಲಿಕ್ ಲಿಂಕ್ ಮಾಡಿ (ಎಲ್‌ಎನ್ -ಎಸ್ ಕಮಾಂಡ್). ಆಮೇಲೆ ಸೇವೆಯನ್ನು ರೀಸ್ಟಾರ್ಟ್ ಮಾಡಿ.

ಲಿಂಕ್ ಇದ್ದೂ ಬೀಗ ತೆರೆಯದಿದ್ದರೆ ಎರಡನ್ನು ನೋಡಿ. ಆ ಸ್ಕ್ರಿಪ್ಟ್‌ಗಳು ಕ್ಯೂಎಂಐಸಿಎಲ್‌ಐ ಅಥವಾ ಎಂಬಿಐಎಂಸಿಎಲ್‌ಐ ಎಂಬ ಉಪಕರಣಗಳನ್ನು ಕರೆಯುತ್ತವೆ. ಡೆಬಿಯನ್, ಉಬುಂಟುಗಳಲ್ಲಿ ಅವು ಲಿಬ್‌ಕ್ಯೂಎಂಐ-ಯುಟಿಲ್ಸ್, ಲಿಬ್‌ಎಂಬಿಐಎಂ-ಯುಟಿಲ್ಸ್ ಎಂಬ ಬೇರೆ ಪ್ಯಾಕೇಜ್‌ಗಳಲ್ಲಿವೆ. ಅವಿಲ್ಲದಿದ್ದರೆ ಸ್ಕ್ರಿಪ್ಟ್ ಸದ್ದಿಲ್ಲದೆ ಸೋಲುತ್ತದೆ. ಎರಡನೆಯದು, ಸ್ಕ್ರಿಪ್ಟ್ ರೂಟ್ ಒಡೆತನದಲ್ಲಿರಬೇಕು, ಬೇರೆಯವರಿಗೆ ಬರೆಯುವ ಅನುಮತಿ ಇರಬಾರದು. ಇಲ್ಲವಾದರೆ ಮೋಡೆಮ್‌ಮ್ಯಾನೇಜರ್ ಅದನ್ನು ಮುಟ್ಟುವುದಿಲ್ಲ. ನಿಮ್ಮ ಐಡಿಗೆ ಸ್ಕ್ರಿಪ್ಟೇ ಇಲ್ಲದಿದ್ದರೆ ಲ್ಯಾಪ್‌ಟಾಪ್ ತಯಾರಕರ ಲಿನಕ್ಸ್ ಪುಟ ನೋಡಿ. ಲೆನೊವೊ ತನ್ನ ಕೆಲವು ಮಾದರಿಗಳಿಗೆ ಇಂಥ ತಂತ್ರಾಂಶವನ್ನು ತಾನೇ ಕೊಡುತ್ತದೆ.

ಲ್ಯಾಪ್‌ಟಾಪ್ ಜೊತೆಗೇ ಬಂದ ಕಾರ್ಡ್‌ಗೆ ಮಾತ್ರ ಈ ಬೀಗ ತೆರೆಯಿರಿ. ಬೇರೆ ಯಂತ್ರದ ಕಾರ್ಡ್ ತಂದು ಹಾಕಿದ್ದರೆ ವಿಕಿರಣ ಮಿತಿಯ ಪ್ರಮಾಣೀಕರಣ ಅದಕ್ಕೆ ಅನ್ವಯಿಸದು, ಹೊಣೆ ನಿಮ್ಮದಾಗುತ್ತದೆ.

## ಸರ್ಚಿಂಗ್ ಎನ್ನುತ್ತಲೇ ಇರುತ್ತದೆ

ಕಾರ್ಡ್ ಹಳೆಯ 3ಜಿ ಮಾತ್ರದ್ದಾದರೆ ಮೊದಲು ನಿಮ್ಮ ಕಂಪನಿ ಇನ್ನೂ 3ಜಿ ನಡೆಸುತ್ತಿದೆಯೇ ಕೇಳಿ. ಹಲವು ದೇಶಗಳಲ್ಲಿ ಅದು ಮುಚ್ಚಿದೆ; ಅಂಥಲ್ಲಿ ಯಾವ ದುರಸ್ತಿಯೂ ಫಲಿಸದು. ವಿಂಡೋಸ್‌ನಲ್ಲಿ ಓಡುತ್ತಿದ್ದಾಗ ಯಾರೋ ಇಟ್ಟ ಮೋಡ್ ಅಥವಾ ಬ್ಯಾಂಡ್ (ಆವರ್ತನ ಪಟ್ಟಿ) ಮಿತಿ ಕಾರ್ಡ್‌ನ ಒಳಗೇ ಉಳಿದಿರಬಹುದು. ಎಂಎಂಸಿಎಲ್‌ಐ ತೋರಿಸುವ ಬ್ಯಾಂಡ್ಸ್ ಭಾಗದಲ್ಲಿ ಸಪೋರ್ಟೆಡ್ ಮತ್ತು ಕರೆಂಟ್ ಸಾಲುಗಳನ್ನು ಹೋಲಿಸಿ. ಇಯುಟ್ರಾನ್-3 ಎಂದರೆ ಎಲ್‌ಟಿಇ (4ಜಿ) ಬ್ಯಾಂಡ್ 3, ಇಯುಟ್ರಾನ್-40 ಎಂದರೆ ಬ್ಯಾಂಡ್ 40. ನಿಮ್ಮ ಕಂಪನಿ ಬಳಸುವ ಬ್ಯಾಂಡ್‌ಗಳಲ್ಲಿ ಒಂದೂ ಸಪೋರ್ಟೆಡ್‌ನಲ್ಲಿ ಇಲ್ಲದಿದ್ದರೆ ಅದು ಬೇರೆ ಪ್ರದೇಶಕ್ಕೆ ಮಾಡಿದ ಕಾರ್ಡ್, ಬದಲಿಸುವುದೊಂದೇ ದಾರಿ.

ಬ್ಯಾಂಡ್ ಸರಿಯಿದ್ದರೆ ಸಿಗ್ನಲ್ ಅಳೆಯಿರಿ:

ಎಂಎಂಸಿಎಲ್‌ಐ -ಎಂ 0 --ಸಿಗ್ನಲ್-ಸೆಟಪ್=10
ಎಂಎಂಸಿಎಲ್‌ಐ -ಎಂ 0 --ಸಿಗ್ನಲ್-ಗೆಟ್

ಎಲ್‌ಟಿಇಯ ಆರ್‌ಎಸ್‌ಆರ್‌ಪಿ, ಅಂದರೆ ಸಿಗ್ನಲ್ ಬಲ, -85 ಡಿಬಿಎಂ ಆಸುಪಾಸಿದ್ದರೆ ಚೆನ್ನಾಗಿದೆ, -100 ಸಾಧಾರಣ, -115 ದಾಟಿದರೆ ಸಂಪರ್ಕ ಕಡಿಯುತ್ತದೆ. ಅದೇ ಕಂಪನಿಯ ಸಿಮ್ ಇರುವ ಫೋನನ್ನು ಪಕ್ಕದಲ್ಲಿಟ್ಟು ಅದರ ಸಂಖ್ಯೆಯನ್ನೂ ನೋಡಿ. ಒಂದೇ ಜಾಗದಲ್ಲಿ ಫೋನ್ -85, ಕಾರ್ಡ್ -115 ಎಂದರೆ ಆಂಟೆನಾ ಮೇಲೆ ಅನುಮಾನ ಪಡಿ. ಕಾರ್ಡ್ ನಂತರ ಹಾಕಿಸಿದ ಲ್ಯಾಪ್‌ಟಾಪ್‌ಗಳಲ್ಲಿ ಅದೇ ಸಾಮಾನ್ಯ ಕಾರಣ.

ಮುಚ್ಚಳ ತೆಗೆಯುವ ಮೊದಲು ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕೀಳಿ, ಬಯಾಸ್‌ನಲ್ಲಿ ಒಳಗಿನ ಬ್ಯಾಟರಿ ಡಿಸೇಬಲ್ ಮಾಡುವ ಆಯ್ಕೆ ಇದ್ದರೆ ಬಳಸಿ, ಇಲ್ಲದಿದ್ದರೆ ತೆರೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ. ಬ್ಯಾಟರಿ ಉಬ್ಬಿದ್ದರೆ ಅಲ್ಲೇ ನಿಲ್ಲಿಸಿ, ಅದನ್ನು ಒತ್ತದೆ ಸರ್ವಿಸ್ ಕೇಂದ್ರಕ್ಕೆ ಕೊಡಿ. ಲೋಹದ ವಸ್ತುವೊಂದನ್ನು ಮುಟ್ಟಿ ಮೈಮೇಲಿನ ಸ್ಥಿರವಿದ್ಯುತ್ ಕಳೆದುಕೊಳ್ಳಿ.

4ಜಿ ಕಾರ್ಡ್‌ನ ಮೇಲೆ ಸಾಮಾನ್ಯವಾಗಿ ಎರಡು ಪುಟ್ಟ ದುಂಡು ಕನೆಕ್ಟರ್‌ಗಳಿಗೆ ತಂತಿ ಬಂದಿರಬೇಕು, ಒಂದು ಮೇನ್, ಇನ್ನೊಂದು ಆಕ್ಸ್. 5ಜಿ ಕಾರ್ಡ್‌ಗಳಲ್ಲಿ ನಾಲ್ಕು ಇರಬಹುದು. ಮೇನ್ ಬಿಟ್ಟುಹೋಗಿ ಆಕ್ಸ್ ಮಾತ್ರ ಇದ್ದರೆ ಕಾರ್ಡ್ ಟವರ್ ಅನ್ನು ಕೇಳಿಸಿಕೊಳ್ಳಬಲ್ಲುದು, ಉತ್ತರ ಕೊಡಲಾರದು: ಸಿಗ್ನಲ್ ಕಂಡರೂ ನೋಂದಣಿ ಆಗದು. ಕನೆಕ್ಟರ್ ಹಾಕುವಾಗ ತಂತಿಯ ತುದಿಯನ್ನು ನೇರವಾಗಿ ಮೇಲೆ ಕೂರಿಸಿ, ಬೆರಳಿನ ಉಗುರಿನಿಂದ ಕೆಳಗೆ ಒತ್ತಿ. ಸಣ್ಣದೊಂದು ಟಿಕ್ ಬೆರಳಿಗೆ ತಿಳಿಯುತ್ತದೆ. ತೆಗೆಯುವಾಗಲೂ ನೇರವಾಗಿ ಮೇಲಕ್ಕೇ, ತಂತಿ ಹಿಡಿದು ಎಳೆಯಬೇಡಿ. ಇವು ಪದೇಪದೇ ಹಾಕಿ ತೆಗೆಯಲು ಮಾಡಿದವಲ್ಲ; ನಡುವಿನ ಸೂಜಿ ಬಾಗಿದರೆ ಕಾರ್ಡೇ ಹೋಯಿತು.

ಸ್ಲಾಟ್ ಸುತ್ತ ಹೆಚ್ಚುವರಿ ತಂತಿಗಳೇ ಇಲ್ಲದಿದ್ದರೆ ಆ ಲ್ಯಾಪ್‌ಟಾಪ್ ಆಂಟೆನಾ ಇಲ್ಲದೆ ತಯಾರಾದದ್ದು. ಪರದೆಯ ಚೌಕಟ್ಟಿನವರೆಗೆ ಬಿಚ್ಚಿ ಆಂಟೆನಾ ಹಾಕಬೇಕಾಗುತ್ತದೆ, ಅದು ಅನುಭವಿ ಮೆಕ್ಯಾನಿಕ್‌ನ ಕೆಲಸ. ವೈಫೈನ ತಂತಿ ಕಿತ್ತು ಇಲ್ಲಿಗೆ ಹಾಕಬೇಡಿ, ಅದು 2.4 ಮತ್ತು 5 ಗಿಗಾಹರ್ಟ್ಸ್‌ಗೆ ಮಾಡಿದ್ದು, 700ರಿಂದ 900 ಮೆಗಾಹರ್ಟ್ಸ್‌ನ ಬ್ಯಾಂಡ್‌ಗಳಲ್ಲಿ ದುರ್ಬಲ.

ಸಿಗ್ನಲ್ ಚೆನ್ನಾಗಿದ್ದೂ ರಿಜಿಸ್ಟ್ರೇಷನ್ ಮುಂದೆ ಡಿನೈಡ್ ಎಂದು ಬಂದರೆ ಟವರ್ ನಿಮ್ಮನ್ನು ನಿರಾಕರಿಸಿದೆ. ಸಿಮ್ ಪ್ಲಾನ್, ಸಾಧನದ ಐಎಂಇಐ (ಗುರುತಿನ ಸಂಖ್ಯೆ) ನಿರ್ಬಂಧ, ಅಥವಾ ಕಾರ್ಡ್ ಬೇರೆ ಕಂಪನಿಗೆ ಲಾಕ್ ಆಗಿರುವುದು ಕಾರಣ. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ. ಐಎಂಇಐ ಬದಲಿಸುವ ಸಲಹೆ ಎಲ್ಲಾದರೂ ಕಂಡರೆ ದೂರವಿರಿ, ಹಲವು ದೇಶಗಳಲ್ಲಿ ಅದು ಅಪರಾಧ.

## ನೋಂದಣಿ ಆಗಿದೆ, ಕನೆಕ್ಟ್ ಆಗುವುದಿಲ್ಲ

ಎಪಿಎನ್‌ನ ಸರದಿ ಬರುವುದು ಈಗ. ಫೋನಿನಿಂದ ಬರೆದಿಟ್ಟುಕೊಂಡ ಹೆಸರನ್ನು ಹಾಗೇ ಕೊಟ್ಟು ಸಂಪರ್ಕ ಮಾಡಿಕೊಳ್ಳಿ (ಕೊನೆಯ ಪದದ ಜಾಗದಲ್ಲಿ ನಿಮ್ಮ ಎಪಿಎನ್):

ಎನ್‌ಎಂಸಿಎಲ್‌ಐ ಕನೆಕ್ಷನ್ ಆ್ಯಡ್ ಟೈಪ್ ಜಿಎಸ್‌ಎಂ ಐಎಫ್‌ನೇಮ್ '*' ಕಾನ್-ನೇಮ್ ಮೊಬೈಲ್ ಎಪಿಎನ್ ಇಂಟರ್ನೆಟ್

ನಕ್ಷತ್ರದ ಸುತ್ತ ಉದ್ಧರಣ ಚಿಹ್ನೆ ಬಿಡಬೇಡಿ, ಬಿಟ್ಟರೆ ಶೆಲ್ ಅದನ್ನು ಕಡತದ ಹೆಸರುಗಳಾಗಿ ಬದಲಿಸುತ್ತದೆ. ಎಪಿಎನ್ ಮುಂದೆ ಹಿಂದೆ ಖಾಲಿ ಜಾಗ ಸೇರಿದರೂ ಸೋಲುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಫೋನಿನಲ್ಲಿ ಖಾಲಿ ಇದ್ದರೆ ಇಲ್ಲೂ ಖಾಲಿ ಬಿಡಿ.

ಸೋತರೆ "ಜರ್ನಲ್‌ಸಿಟಿಎಲ್ -ಬಿ -ಯು ಮೋಡೆಮ್‌ಮ್ಯಾನೇಜರ್" ಲಾಗ್‌ನ ಕೊನೆಯ ಸಾಲುಗಳನ್ನು ಓದಿ. ನೆಟ್‌ವರ್ಕ್ ಕೊಡುವ ಕಾರಣಗಳು ಅಲ್ಲಿ ಮಾತಿನಲ್ಲೇ ಇರುತ್ತವೆ. ಮಿಸ್ಸಿಂಗ್ ಆರ್ ಅನ್‌ನೋನ್ ಎಪಿಎನ್ (ಸಂಖ್ಯೆ 27) ಎಂದರೆ ಹೆಸರು ತಪ್ಪು. ಯೂಸರ್ ಅಥೆಂಟಿಕೇಷನ್ ಫೇಲ್ಡ್ (29) ಎಂದರೆ ಯೂಸರ್‌ನೇಮ್ ಅಥವಾ ಪ್ಯಾಪ್, ಚ್ಯಾಪ್ ಎಂಬ ದೃಢೀಕರಣ ವಿಧಾನದ ಆಯ್ಕೆ ತಪ್ಪು. ಸರ್ವಿಸ್ ಆಪ್ಷನ್ ನಾಟ್ ಸಬ್‌ಸ್ಕ್ರೈಬ್ಡ್ (33) ಎಂದರೆ ಆ ಎಪಿಎನ್ ನಿಮ್ಮ ಪ್ಲಾನ್‌ನಲ್ಲಿ ಇಲ್ಲ. ಆಪರೇಟರ್ ಡಿಟರ್ಮಿನ್ಡ್ ಬಾರಿಂಗ್ (8) ಎಂದರೆ ಕಂಪನಿಯೇ ತಡೆಹಿಡಿದಿದೆ, ಹಲವು ಸಲ ಬಾಕಿ ಹಣಕ್ಕೆ. 50 ಅಥವಾ 51 ಬಂದರೆ ಐಪಿ ಬಗೆಯ ತಕರಾರು: 50ಕ್ಕೆ ಐಪಿವಿ4 ಮಾತ್ರ, 51ಕ್ಕೆ ಐಪಿವಿ6 ಮಾತ್ರ ಇಟ್ಟು ನೋಡಿ.

ರಿಜಿಸ್ಟ್ರೇಷನ್ ರೋಮಿಂಗ್ ಎಂದಿದ್ದರೆ, ಸಂಪರ್ಕದಲ್ಲಿ ಜಿಎಸ್‌ಎಂ.ಹೋಮ್-ಓನ್ಲಿ ಯೆಸ್ ಆಗಿಲ್ಲವೇ ನೋಡಿ. ರೋಮಿಂಗ್ ದರ ತಿಳಿದುಕೊಂಡ ಮೇಲೆಯೇ ಅದನ್ನು ಬದಲಿಸಿ.

## ಕನೆಕ್ಟೆಡ್ ಎನ್ನುತ್ತದೆ, ಪುಟ ತೆರೆಯುವುದಿಲ್ಲ

ವೈಫೈ ಆಫ್ ಮಾಡಿ ನೋಡಿ. ನೆಟ್‌ವರ್ಕ್‌ಮ್ಯಾನೇಜರ್ ಈಥರ್ನೆಟ್‌ಗೆ 100, ವೈಫೈಗೆ 600, ಮೋಡೆಮ್‌ಗೆ 700 ಎಂದು ಅಂಕ ಕೊಟ್ಟು ಕಡಿಮೆ ಅಂಕದ ದಾರಿ ಹಿಡಿಯುತ್ತದೆ. ಇಂಟರ್ನೆಟ್ ಇಲ್ಲದ ವೈಫೈಗೆ ಅಂಟಿಕೊಂಡಿದ್ದರೂ ಡೇಟಾ ಅತ್ತಲೇ ಹೋಗಬಹುದು.

ಆಮೇಲೆ "ಪಿಂಗ್ 1.1.1.1". ಉತ್ತರ ಬಂದು ಹೆಸರಿನ ತಾಣ ತೆರೆಯದಿದ್ದರೆ ಡಿಎನ್‌ಎಸ್ (ತಾಣದ ಹೆಸರನ್ನು ವಿಳಾಸವಾಗಿ ಬದಲಿಸುವ ವ್ಯವಸ್ಥೆ) ತೊಂದರೆ, ಇಟಿಸಿಯ ರಿಸಾಲ್ವ್.ಕಾನ್ಫ್‌ನಲ್ಲಿ ಹಳೆಯ ವಿಪಿಎನ್ ಬಿಟ್ಟುಹೋದ ವಿಳಾಸ ಇದೆಯೇ ನೋಡಿ. ಚಿಕ್ಕ ಪುಟಗಳು ಬಂದು ದೊಡ್ಡವು ಅರ್ಧಕ್ಕೇ ನಿಂತರೆ ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸುವ ಡೇಟಾ ತುಣುಕಿನ ಗರಿಷ್ಠ ಗಾತ್ರ, ಹೆಚ್ಚಾಗಿದೆ. "ಪಿಂಗ್ -ಎಂ ಡು -ಎಸ್ 1372 1.1.1.1" (ಎಂ ದೊಡ್ಡಕ್ಷರ) ಹೋಗಿ 1472 ಹೋಗದಿದ್ದರೆ ಸಂಪರ್ಕದ ಜಿಎಸ್‌ಎಂ.ಎಂಟಿಯು ಮೌಲ್ಯವನ್ನು 1400ಕ್ಕೆ ಇಳಿಸಿ. 1372ಕ್ಕೆ ಹೆಡರ್‌ಗಳ 28 ಬೈಟ್ ಸೇರಿದರೆ 1400.

## ನಿದ್ದೆಯಿಂದ ಎದ್ದ ಮೇಲೆ, ಅಥವಾ ಡೌನ್‌ಲೋಡ್ ನಡುವೆ ಮೋಡೆಮ್ ಮಾಯ

ಸಸ್ಪೆಂಡ್ ಆದಾಗ ಕಾರ್ಡ್‌ಗೆ ವಿದ್ಯುತ್ ಕಡಿಯುವುದು ಸಾಮಾನ್ಯ. ಎದ್ದ ಮೇಲೆ ಅರ್ಧ ನಿಮಿಷ ಕಾಯಿರಿ, ಬಾರದಿದ್ದರೆ ಮೋಡೆಮ್‌ಮ್ಯಾನೇಜರ್ ರೀಸ್ಟಾರ್ಟ್ ಮಾಡಿ. ಬ್ಯಾಟರಿ ಉಳಿಸುವ ಟಿಎಲ್‌ಪಿ ತಂತ್ರಾಂಶ ಬಳಸುವವರು ಅದರ ಕಾನ್ಫಿಗ್‌ನಲ್ಲಿ ಯುಎಸ್‌ಬಿ_ಎಕ್ಸ್‌ಕ್ಲೂಡ್_ವ್ಯಾನ್=1 ಎಂದು ದೊಡ್ಡಕ್ಷರಗಳಲ್ಲಿ ಬರೆದರೆ ಯುಎಸ್‌ಬಿ ಕಾರ್ಡ್ ಆಟೋಸಸ್ಪೆಂಡ್‌ನಿಂದ ಪಾರಾಗುತ್ತದೆ.

ಡೇಟಾ ಓಡುತ್ತಿರುವಾಗಲೇ ಕರ್ನಲ್ ಲಾಗ್‌ನಲ್ಲಿ ಯುಎಸ್‌ಬಿ ಡಿಸ್ಕನೆಕ್ಟ್ ಎಂದು ಬಂದರೆ ವಿದ್ಯುತ್ ಸಾಲುತ್ತಿಲ್ಲ, ಇಲ್ಲವೇ ಶಾಖ ಹೆಚ್ಚಾಗಿದೆ. ಡಾಂಗಲ್ ಅನ್ನು ಹಬ್ ಮತ್ತು ಉದ್ದ ವೈರ್‌ನಿಂದ ಬಿಡಿಸಿ ನೇರ ಪೋರ್ಟ್‌ಗೆ ಹಾಕಿ, ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, ಸಿಗ್ನಲ್ ಕಡಿಮೆ ಇದ್ದಾಗ ಡಾಂಗಲ್ ಅದನ್ನು ಪೂರ್ತಿ ಕೇಳುತ್ತದೆ. ಒಳಗಿನ ಕಾರ್ಡ್‌ನಲ್ಲಿ ಹೀಗಾದರೆ ಶಾಖ ಹೀರುವ ಪ್ಯಾಡ್ ಕಳಚಿದೆಯೇ, ಸ್ಕ್ರೂ ಸಡಿಲವಾಗಿದೆಯೇ ನೋಡಿ.

## ಸಹಾಯ ಕೇಳುವಾಗ

ಲೈವ್ ಪೆನ್‌ಡ್ರೈವ್‌ನಲ್ಲೂ ವಿಂಡೋಸ್‌ನಲ್ಲೂ ಕಾರ್ಡ್ ಕಾಣದಿದ್ದರೆ ಅದು ಹಾರ್ಡ್‌ವೇರ್ ದೋಷ, ಸರ್ವಿಸ್ ಕೇಂದ್ರಕ್ಕೆ ಕೊಡಿ. ಫರ್ಮ್‌ವೇರ್ ಅನ್ನು ಎಫ್‌ಡಬ್ಲ್ಯುಯುಪಿಡಿ (ಲಿನಕ್ಸ್‌ನ ಫರ್ಮ್‌ವೇರ್ ಅಪ್‌ಡೇಟ್ ಉಪಕರಣ) ಅಥವಾ ತಯಾರಕರ ಉಪಕರಣದಿಂದಲ್ಲದೆ ಬೇರೆ ಮೂಲದಿಂದ ಹಾಕಬೇಡಿ. ಹಾಕುವಾಗ ಚಾರ್ಜರ್ ಸಿಕ್ಕಿಸಿರಲಿ, ನಡುವೆ ಸಸ್ಪೆಂಡ್ ಆಗದಿರಲಿ.

ಬೇರೆಯವರನ್ನು ಕೇಳುವಾಗ ಕಾರ್ಡ್‌ನ ಐಡಿ, ಕರ್ನಲ್ ಆವೃತ್ತಿ, ಮೋಡೆಮ್‌ಮ್ಯಾನೇಜರ್ ಆವೃತ್ತಿ, ಎಂಎಂಸಿಎಲ್‌ಐ -ಎಂ 0 ಕೊಟ್ಟ ಪೂರ್ತಿ ಉತ್ತರ, ಲಾಗ್‌ನ ಕೊನೆಯ ಐವತ್ತು ಸಾಲು, ಇಷ್ಟನ್ನು ಕೊಡಿ. ಕೊಡುವ ಮೊದಲು ಇಕ್ವಿಪ್‌ಮೆಂಟ್ ಐಡಿ, ಐಎಂಎಸ್‌ಐ, ಐಸಿಸಿಐಡಿ (ಎರಡೂ ಸಿಮ್‌ನ ಗುರುತಿನ ಸಂಖ್ಯೆಗಳು) ಮತ್ತು ಓನ್ ಸಾಲಿನಲ್ಲಿರುವ ನಿಮ್ಮ ಫೋನ್ ಸಂಖ್ಯೆಯನ್ನು ಅಳಿಸಿಬಿಡಿ.